ಮಸೆಗಾರಿನ ಬೆಚ್ಚನೆ ನೆಲ

ಮಸೆಗಾರ್,
9 ನವೆಂಬರ್ 1994

ಪ್ರೀತಿಯ ಕಸಿಮಿರೋ,

ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತರೆಂದುಕೊಳ್ಳುತ್ತೀಯ. ಯಾರೂ ಸತ್ತಿಲ್ಲ. ನಮ್ಮ ಸೋದರತ್ತೆ ಪ್ರಾಕ್ಸೆದೆಸ್ ಎಂಬತ್ತೊಂದರಲ್ಲೂ ಗಟ್ಟಿಯಾಗಿದ್ದಾಳೆ. ನೀರಿಲ್ಲದ ನದಿಯ ದಂಡೆಯ ಹಿಟ್ಟಿನ ಗಿರಣಿಯಲ್ಲಿ ಈಗಲೂ ಒಬ್ಬಳೇ ಇದ್ದಾಳೆ. ಈ ಕಾಗದದ ವಿಷಯ ಫುಲ್ಹೆನ್ಸಿಯೋನಿಗೆ ತಿಳಿಯದು. ನೀರಾವರಿ ಸಂಘದ ಅಧ್ಯಕ್ಷನ ಹೆಂಡತಿ ನದಿ ಕಚೇರಿಯ ಅಳತೆಗಾರನಿಗೆ ಕಾಗದ ಬರೆದಳೆಂದರೆ, ಆ ಅಳತೆಗಾರ ಅವಳ ಒಡಹುಟ್ಟಿದ ತಮ್ಮನೇ ಆಗಿರಲಿ, ಊರು ಸುಮ್ಮನಿರುವುದಿಲ್ಲ. ಅದಕ್ಕೇ ಇದನ್ನು ಪಕ್ಕದೂರಿನ ಅಂಚೆಪೆಟ್ಟಿಗೆಗೆ ಹಾಕುತ್ತಿದ್ದೇನೆ.

ಸತ್ತವರ ದಿನ ಅಪ್ಪನ ಗೋರಿಗೆ ಸೇವಂತಿಗೆ ಇಡಲು ಹೋಗಿದ್ದೆವು. ಸ್ಮಶಾನದ ದಿಬ್ಬದಿಂದ ನೋಡಿದರೆ ಕೆಳಗೆ ಒಣಗಿದ ಜೌಗಿನ ಮೇಲೆ ಮಂಜು. ಮಧ್ಯಾಹ್ನ ಹನ್ನೆರಡು ಗಂಟೆ, ಕಣ್ಣು ಕುಕ್ಕುವ ಬಿಸಿಲು, ಆದರೂ ಅದು ಕರಗಲಿಲ್ಲ. "ನೀರು ವಾಪಸ್ ಬರ್ತಾ ಇದೆ" ಎಂದು ಯಾರೋ ಅಂದದ್ದೇ ತಡ, ಸಂಜೆಗೆ ಅದು ಸುದ್ದಿಯಾಯಿತು, ಭಾನುವಾರಕ್ಕೆ ವಾದವಾಯಿತು. ಸಂಘದ ಸಭೆಯಲ್ಲಿ ನನ್ನ ಗಂಡ ಎದ್ದು ನಿಂತು, "ನೆಲದಡಿ ನೀರು ಮುಗೀತು, ಬೋರು ಮುಚ್ಚಿ ಅಂತ ಕಚೇರಿಯವರು ಬರೀತಾರಲ್ಲ, ಹಂಗಾದ್ರೆ ಈ ಮಂಜು ಎಲ್ಲಿಂದ ಬಂತಪ್ಪ? ಅವರ ಕಡತದಿಂದ ಎದ್ದು ಬಂತಾ?" ಎಂದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ.

ಮಾರನೆಯ ದಿನ ಅತ್ತೆಗೆ ರೊಟ್ಟಿ ಕೊಡಲು ಗಿರಣಿಗೆ ಹೊರಟೆ. ದಾರಿಯ ಮೇಲೆ ಹಾವುಗಳು. ಒಂದಲ್ಲ, ಎರಡಲ್ಲ. ಈ ಚಳಿಯಲ್ಲಿ ಬಿಲದೊಳಗೆ ಮಲಗಿರಬೇಕಾದವು ಹಗ್ಗ ಬಿಸಾಡಿದ ಹಾಗೆ ಅಡ್ಡಡ್ಡ ಬಿದ್ದಿದ್ದವು. ಕಾಲು ಬಡಿದರೂ ಸರಿಯಲಿಲ್ಲ. ಒಳಗೆ ಇರಲಾರದೆ ಹೊರಬಂದವರಂತಿದ್ದವು.

ಅತ್ತೆ ಬರಿಗಾಲಲ್ಲಿ ಅಡುಗೆಮನೆಯಲ್ಲಿ ನಿಂತಿದ್ದಳು. ಕಾಲು ಕಾಯಿಸಲು ಮೇಜಿನಡಿ ಇಡುವ ಕೆಂಡದ ತಟ್ಟೆ ಆರಿಹೋಗಿತ್ತು.

"ಬೂಟು ಬಿಚ್ಚೇ, ಬಿಚ್ಚು. ನೆಲ ಮುಟ್ಟಿ ನೋಡು."

ಚಪ್ಪಡಿ ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ.

"ನದಿಗೆ ಜ್ವರ ಬಂದಿದೆ ಕಣೇ," ಅಂದಳು ಅತ್ತೆ. ಅವಳ ಮುಖದಲ್ಲಿ ಮದುವಣಗಿತ್ತಿಯ ಕಳೆ. "ಜ್ವರ ಆದ್ಮೇಲೆ ಬೆವರು ಬರುತ್ತೆ. ನೋಡ್ತಿರು."

ಕಸಿಮಿರೋ, ಮಂಜಿಗೆ ವಾಸನೆ ಇರುವುದಿಲ್ಲ. ಇದಕ್ಕಿದೆ. ಇದೇನೆಂದು ನೀನು ಹೇಳಬೇಕು.

ನಿನ್ನ ಅಕ್ಕ,
ರೆಮೆದಿಯೋಸ್

•

ಸಿಯುದಾದ್ ರೆಯಾಲ್,
18 ನವೆಂಬರ್ 1994

ರೆಮೆದಿಯೋಸ್ ಅಕ್ಕನಿಗೆ,

ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಡಲು ಬಿಡದೆ ನನ್ನನ್ನು ಬಾಗಿಲಿನಿಂದಲೇ ಕಳಿಸಿದ ಮನೆಯ ಕಾಗದಕ್ಕೆ ಏನೆಂದು ಉತ್ತರಿಸಬೇಕೋ ತಿಳಿಯದೆ ಐದು ದಿನ ಸುಮ್ಮನಿದ್ದೆ. ಆಮೇಲೆ ಹಾವಿನ ವಿಷಯವನ್ನು ಮತ್ತೊಮ್ಮೆ ಓದಿದೆ.

ಅದು ಮಂಜಲ್ಲ. ಹೊಗೆ.

ಜೌಗಿನ ತಳದ ಕರಿಮಣ್ಣು ನಿಜವಾಗಿ ಮಣ್ಣೇ ಅಲ್ಲ. ಸಾವಿರಾರು ವರ್ಷ ನೀರಿನಡಿ ಬಿದ್ದು ಅಮುಕಿಹೋದ ಜೊಂಡು. ಮೇಲೆ ನೀರಿರುವಷ್ಟು ದಿನ ಅದು ಸುಮ್ಮನೆ ಮಲಗಿರುತ್ತದೆ. ನೀರು ಇಳಿದರೆ ಒಣಗಿ ಬಿರಿಯುತ್ತದೆ, ಬಿರುಕಿಗೆ ಗಾಳಿ ಹೊಗುತ್ತದೆ, ಹಸಿ ಹುಲ್ಲಿನ ಬಣವೆ ಒಳಗೊಳಗೇ ಕಾದು ಹೊತ್ತಿಕೊಳ್ಳುವಂತೆ ಹೊತ್ತಿಕೊಳ್ಳುತ್ತದೆ. ಜ್ವಾಲೆ ಕಾಣುವುದಿಲ್ಲ. ಮೇಲೆ ಹುಲ್ಲು ಹಾಗೇ ಇರುತ್ತದೆ. ಕೆಳಗೆ ಪೊಳ್ಳಾಗುತ್ತಾ ಹೋಗುತ್ತದೆ.

ಉದ್ದನೆಯ ಸಲಾಕೆಯೊಂದನ್ನು ನೆಲಕ್ಕೆ ಚುಚ್ಚಿ, ನೂರು ಎಣಿಸಿ ಹೊರಗೆ ತೆಗೆ. ತುದಿಯನ್ನು ಬರಿಗೈಯಲ್ಲಿ ಮುಟ್ಟಬೇಡ. ಕಲ್ಲುದಾರಿ ಬಿಟ್ಟು ಎಲ್ಲೂ ಕಾಲಿಡಬೇಡ. ಅತ್ತೆಯನ್ನು ಅಲ್ಲಿಂದ ಹೊರಡಿಸು.

ಇದನ್ನು ಕಡತಕ್ಕೆ ಸೇರಿಸಬೇಕಾದರೆ ನೀನು ಒಪ್ಪಬೇಕು. ನೆಲ ಹೊತ್ತಿದೆ ಎಂದು ಬರೆದರೆ, ನೆಲ ಯಾಕೆ ಒಣಗಿತು ಎಂಬುದನ್ನೂ ಬರೆಯಬೇಕಾಗುತ್ತದೆ. ಭಾವನಿಗೆ ಅದು ಹಿಡಿಸಲಿಕ್ಕಿಲ್ಲ.

ಕಸಿಮಿರೋ

•

ಮಸೆಗಾರ್,
4 ಡಿಸೆಂಬರ್ 1994

ಪ್ರೀತಿಯ ಕಸಿಮಿರೋ,

ಸಲಾಕೆ ಸಿಗಲಿಲ್ಲ. ಅಟ್ಟದ ಮೇಲೆ ಅಪ್ಪ ದೋಣಿ ನೂಕುತ್ತಿದ್ದ ಗಳವಿತ್ತು, ಎರಡಾಳುದ್ದದ್ದು. ಅದನ್ನೇ ಹೊತ್ತು ಗಿರಣಿಯ ಹಿಂದಕ್ಕೆ ಹೋದೆ. ಕಲ್ಲುದಾರಿಯ ಅಂಚಿನಲ್ಲಿ ನಿಂತು ಒಣ ಹುಲ್ಲಿನ ಮೇಲೆ ಊರಿದೆ. ನಾನು ಒತ್ತಲೇ ಇಲ್ಲ. ಅದು ತಾನಾಗಿ ಇಳಿಯಿತು, ಅಪ್ಪನ ಕೈಯಲ್ಲಿ ನೀರಿಗೆ ಇಳಿಯುತ್ತಿದ್ದ ಹಾಗೆ, ಸದ್ದಿಲ್ಲದೆ. ತಳ ಸಿಗಲಿಲ್ಲ. ನೂರು ಎಣಿಸಿದೆ. ಎಳೆಯಲು ಕೈ ಬರಲಿಲ್ಲ. ಇನ್ನೂ ನೂರು ಎಣಿಸಿದೆ. ಹೊರತೆಗೆದಾಗ ಕೆಳಗಿನ ಅರ್ಧ ಇದ್ದಿಲಿನ ಬಣ್ಣವಾಗಿತ್ತು, ತುದಿ ಸಣ್ಣಗೆ ಉಸಿರಾಡುತ್ತಿತ್ತು. ಹಾಗೇ ಅನ್ನಿಸಿತು. ಗಾಳಿ ಸೋಕಿದಾಗ ಕೆಂಪಾಗುವುದು, ಮತ್ತೆ ಕಪ್ಪಾಗುವುದು.

ಇದಾದ ಮೂರನೆಯ ದಿನ ಕುರಿ ಕಾಯುವ ಎಲಾದಿಯೋ ನಮ್ಮ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿತ್ತು. ಕುಡಿದಿರಲಿಲ್ಲ.

"ಏಳು ಕುರಿ ಹೋದ್ವು," ಅಂದ.

"ಯಾರು ಹೊಡಕೊಂಡು ಹೋದ್ರೋ?" ಎಂದ ಫುಲ್ಹೆನ್ಸಿಯೋ.

"ಯಾರೂ ಇಲ್ಲ. ನನ್ನ ಕಣ್ಣೆದುರೇ ಮೇಯ್ತಿದ್ವು. ನೆಲ ಕೆಳಗೆ ಹೋಯ್ತು, ಅವೂ ಹೋದ್ವು. ಧೂಳೂ ಏಳಲಿಲ್ಲ, ಸದ್ದೂ ಬರಲಿಲ್ಲ. ಒಂದೂ ಕೂಗಲಿಲ್ಲ, ಅಧ್ಯಕ್ಷರೇ. ಮುಂದಿನ ಕುರಿ ಕೊರಳಲ್ಲಿ ಗಂಟೆ ಇತ್ತಲ್ಲ, ಅದು ಮಾತ್ರ ಕೆಳಗಿಂದ ಬಾರಿಸ್ತಾ ಇತ್ತು. ನಾನು ಒಂದು ಬೀಡಿ ಮುಗಿಸೋ ತನಕ ಬಾರಿಸ್ತು."

ಫುಲ್ಹೆನ್ಸಿಯೋ ನಗಲಿಲ್ಲ. ಆ ಸಂಜೆ ಬಾಗಿಲ ಹಿಂದೆ ಒರಗಿಸಿದ್ದ ಸುಟ್ಟ ಗಳವನ್ನು ನೋಡಿದ. ಹೆಬ್ಬೆರಳಿನಿಂದ ಉಜ್ಜಿದ, ಮೂಸಿದ. "ಎಲ್ಲಿ ಚುಚ್ಚಿದೆ?" ಎಂದು ಕೇಳಿದ. ಹೇಳಿದೆ. ಊಟಕ್ಕೆ ಕೂತ. ಊಟ ಮಾಡಲಿಲ್ಲ.

ಅತ್ತೆ ಬರಲೊಲ್ಲಳು. "ನಲವತ್ತು ವರ್ಷ ಚಳೀಲಿ ಮಂಡಿ ಹಿಡಕೊಂಡು ಅತ್ತಿದೀನಿ. ಈಗ ನೆಲಾನೇ ನನ್ನ ಕಾಲು ಒತ್ತುತ್ತಾ ಇದೆ. ಈಗ ಬಾ ಅಂತೀಯಲ್ಲ, ನಾಚಿಕೆ ಇಲ್ವಾ?" ಎಂದಳು. ಗಿರಣಿಯ ಕಲ್ಲು ತಿರುಗುವ ಸದ್ದು ಕೇಳಿಸುತ್ತದಂತೆ. ನಾನೂ ಕಿವಿಗೊಟ್ಟೆ. ಕಲ್ಲು ಕದಲಿರಲಿಲ್ಲ, ಆದರೆ ಅದರ ಅಡಿಯಿಂದ ಏನೋ ಅರೆಯುವ ಸದ್ದು ಬರುತ್ತಿದ್ದುದು ನಿಜ.

ಕಡತಕ್ಕೆ ಸೇರಿಸು. ನನ್ನ ಹೆಸರು ಬೇಡ.

ರೆಮೆದಿಯೋಸ್

•

ಸಿಯುದಾದ್ ರೆಯಾಲ್,
22 ಡಿಸೆಂಬರ್ 1994

ಅಕ್ಕ,

ಸೇರಿಸಿದೆ. ಎರಡು ಸಭೆಗಳಾದವು. ಉತ್ತರದ ನದಿಯಿಂದ ಕಾಲುವೆಯಲ್ಲಿ ನೀರು ತಂದು ಜೌಗನ್ನು ತೋಯಿಸಬೇಕೆಂದು ನಾವು ಹೇಳಿದೆವು. ತಮ್ಮ ಕಣಿವೆಯೇ ಬತ್ತಿರುವಾಗ ಬೆಂಕಿ ಆರಿಸಲು ನೀರು ಕೊಡುವುದಿಲ್ಲ ಎಂದು ಆ ಕಡೆಯವರು ಎದ್ದು ಹೋದರು. ಮಳೆಗೆ ಕಾಯೋಣ ಎಂದರು ರಾಜಧಾನಿಯಿಂದ ಬಂದವರು. ನಾಲ್ಕು ವರ್ಷದಿಂದ ಕಾಯುತ್ತಿದ್ದೇವೆ ಎಂದು ನಾನು ಅಂದೆ. ಟಿಪ್ಪಣಿಯಲ್ಲಿ ಅದು ಬರಲಿಲ್ಲ. ರೇಡಿಯೊದಲ್ಲಿ ಒಬ್ಬ ರೈತರನ್ನು ಬೈದ, ಇನ್ನೊಬ್ಬ ಸರಕಾರವನ್ನು ಬೈದ, ಮೂರನೆಯವನು ಬಾತುಕೋಳಿಗಳ ಬಗ್ಗೆ ಚೆನ್ನಾಗಿ ಮಾತಾಡಿದ. ಅಷ್ಟರಲ್ಲಿ ಬೆಂಕಿ ದಿನಕ್ಕೆ ಒಂದು ಮೊಳ ನಡೆಯುತ್ತದೆ.

ಕಾಲುವೆಗೆ ಒಪ್ಪಿಗೆ ಸಿಗುವ ತನಕ ಗಿರಣಿಯ ಸುತ್ತಲಿನ ನೆಲವನ್ನಾದರೂ ನೆನೆಸಬೇಕು. ಅದಕ್ಕೆ ಹತ್ತಿರದ ಬೋರ್‌ವೆಲ್‌ಗಳು ಬೇಕು. ನಮ್ಮ ಕಾಗದಗಳ ಪ್ರಕಾರ ಗಿರಣಿಯ ಸುತ್ತ ಎರಡು ಕಿಲೋಮೀಟರಿನೊಳಗೆ ಒಂದೇ ಒಂದು ಬೋರ್‌ವೆಲ್ ಇಲ್ಲ. ವಿಮಾನದಿಂದ ತೆಗೆದ ಆಗಸ್ಟ್ ತಿಂಗಳ ಚಿತ್ರ ನನ್ನ ಮೇಜಿನ ಮೇಲಿದೆ. ಅದರಲ್ಲಿ ಅಲ್ಲೆಲ್ಲ ಹಸಿರಿದೆ.

ಅಧಿಕಾರಿಯಾಗಿ ಕೇಳುತ್ತಿಲ್ಲ. ಅಪ್ಪನ ಹಿತ್ತಲಿನಲ್ಲಿ ಒಂದು ಇದೆಯೇ?

ಕಸಿಮಿರೋ

•

ಮಸೆಗಾರ್,
8 ಜನವರಿ 1995

ಪ್ರೀತಿಯ ಕಸಿಮಿರೋ,

ಮೊದಲು ಅತ್ತೆಯ ವಿಷಯ. ಹೊಸ ವರ್ಷದ ವಾರ ಮಸೆಗಾರಿನಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬಳ್ಳಿತೋಟಗಳು ಉಪ್ಪಿನಲ್ಲಿ ಅದ್ದಿದ ಹಾಗೆ ಬೆಳ್ಳಗಿದ್ದವು. ಗಿರಣಿಯ ಸುತ್ತ ಮಾತ್ರ ಒಂದು ಹನಿ ಹೆಪ್ಪುಗಟ್ಟಲಿಲ್ಲ. ಅಲ್ಲಿ ಗಸಗಸೆ ಹೂ ಅರಳಿತು. ಜನವರಿಯಲ್ಲಿ, ಕೆಂಪಗೆ, ಮೊಣಕಾಲೆತ್ತರ. ಜೇನುನೊಣಗಳು ಬಂದವು. ಹೆಂಗಸರು ಹೂವಿನ ನಡುವೆ ಮೊಂಬತ್ತಿ ಹಚ್ಚಿಟ್ಟು ಹೋದರು. ಮೊಂಬತ್ತಿಗಳು ಬುಡದಿಂದ ಕರಗಿ ವಾಲಿದವು.

ಮೊನ್ನೆ ಮೂರು ರಾಜರ ಹಬ್ಬದ ಬೆಳಿಗ್ಗೆ ಸಿಹಿ ರೊಟ್ಟಿ ತೆಗೆದುಕೊಂಡು ನಾನು, ಫುಲ್ಹೆನ್ಸಿಯೋ ಇಬ್ಬರೂ ಹೋದೆವು. ನಾವಿರುವಾಗಲೇ ಅಡುಗೆಮನೆಯ ಒಂದು ಚಪ್ಪಡಿ 'ಟಪ್' ಎಂದು ಎರಡಾಯಿತು. ಬಿರುಕಿನಿಂದ ನೂಲಿನಷ್ಟು ಹೊಗೆ ನೆಟ್ಟಗೆ ಎದ್ದಿತು. ಅತ್ತೆ ಅದರ ಮೇಲೆ ಅಂಗೈ ಹಿಡಿದು, ಮಗುವಿನ ಬಾಯಿ ಮುಚ್ಚುವವಳಂತೆ, "ಶ್, ಶ್" ಅಂದಳು. ಫುಲ್ಹೆನ್ಸಿಯೋ ಅವಳನ್ನು ಕುರ್ಚಿಯ ಸಮೇತ ಎತ್ತಿದ. ದಾರಿಯುದ್ದಕ್ಕೂ ಅವಳು ಅವನ ತಲೆಗೆ ಗುದ್ದುತ್ತಿದ್ದಳು. "ಕಳ್ಳ! ನನ್ನ ನದೀನ ಕುಡಿದೋನು ನೀನೇ! ಈಗ ನನ್ನೂ ಹೊತ್ಕೊಂಡು ಹೋಗ್ತಿದೀಯಾ?" ಅವನು ತಲೆ ತಪ್ಪಿಸಿಕೊಳ್ಳಲಿಲ್ಲ.

ಈಗ ನಿನ್ನ ಪ್ರಶ್ನೆ. ಇದೆ. ಪಾರಿವಾಳದ ಗೂಡಿನ ಕೆಳಗೆ. ತೊಂಬತ್ತರ ಬೇಸಿಗೆಯಲ್ಲಿ ಕೊರೆಸಿದೆವು. ಅಪ್ಪನಿಗೆ ಗೊತ್ತಿತ್ತು. ಮೊದಲ ನೀರು ಚಿಮ್ಮಿದಾಗ ಬಂದು ಅಂಗೈಯಲ್ಲಿ ಹಿಡಿದು ಕುಡಿದ. "ತಣ್ಣಗಿದೆ," ಅಂದ, ಅಷ್ಟೇ. ಆಮೇಲೆ ಸಾಯುವ ತನಕ ಆ ಹಿತ್ತಲಿಗೆ ಕಾಲಿಡಲಿಲ್ಲ.

ಶವಪೆಟ್ಟಿಗೆ ಆ ಹಿತ್ತಲಿನಿಂದಲೇ ಹೊರಡಬೇಕಿತ್ತು, ಮುಂಬಾಗಿಲು ಚಿಕ್ಕದು. ನೀನು ಒಳಗೆ ಬಂದಿದ್ದರೆ ಪಂಪಿನ ಕೊಳವೆ ಕಾಣುತ್ತಿತ್ತು. ಅದಕ್ಕೇ ಫುಲ್ಹೆನ್ಸಿಯೋ ಬಾಗಿಲಲ್ಲಿ ನಿಂತು ಕೂಗಾಡಿದ. ಅದು ಸಿಟ್ಟಲ್ಲ ಕಸಿಮಿರೋ. ಹೆದರಿಕೆ. ನಾನು ಅವನ ಹಿಂದೆಯೇ ನಿಂತಿದ್ದೆ, ನನಗೆಲ್ಲ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ರೆಮೆದಿಯೋಸ್

•

ಮಸೆಗಾರ್,
30 ಜನವರಿ 1995

ಪ್ರೀತಿಯ ಕಸಿಮಿರೋ,

ನೀನು ಉತ್ತರ ಬರೆದಿಲ್ಲ. ಬರೆಯದಿದ್ದರೂ ಸರಿ, ಆದದ್ದನ್ನು ಹೇಳಿಬಿಡುತ್ತೇನೆ.

ಹನ್ನೆರಡರಂದು ಸಂಘದ ಸಭೆ ಸೇರಿತು. ಬಾಗಿಲ ತನಕ ಜನ. ಮೊದಲ ಒಂದು ಗಂಟೆ ಎಂದಿನದೇ ಜಗಳ.

"ನೀರು ಹೊಲಕ್ಕೋ ಬಾತುಕೋಳಿಗೋ, ಮೊದಲು ಅದನ್ನ ಹೇಳ್ಲಿ ಸರಕಾರ!"

"ಬಾತುಕೋಳಿಗೆ ಓಟಿದೆಯೇನೋ?"

"ನಿನಗಿದೆಯಲ್ಲ, ಏನ್ ಕಿಸಿದೆ?"

"ನಮಗೆ ಬೋರು ಹಾಕಿ, ಬೆಳೆ ಬೆಳೀರಿ ಅಂತ ಸಾಲ ಕೊಟ್ಟೋರೂ ಅವರೇ, ಮುಚ್ಚಿ ಅನ್ನೋರೂ ಅವರೇ. ಅವರಿಗೆ ಎರಡು ನಾಲಿಗೆ, ನಮಗೆ ಒಂದು ಹೊಟ್ಟೆ!"

ನಾನು ಎದ್ದು ನಿಂತೆ. ಹೆಂಗಸರು ಅಲ್ಲಿ ಎದ್ದು ನಿಲ್ಲುವುದು ಕಾಫಿ ಕೊಡುವುದಕ್ಕೆ ಮಾತ್ರ, ಆದ್ದರಿಂದ ಎಲ್ಲರೂ ಲೋಟ ಮುಂದೆ ಮಾಡಿದರು. "ನಮ್ಮಪ್ಪನ ಹಿತ್ತಲಲ್ಲಿ ಬೋರಿದೆ," ಅಂದೆ. "ಲೆಕ್ಕಕ್ಕಿಲ್ಲದ್ದು. ಅದರ ನೀರನ್ನ ಗಿರಣಿ ಹತ್ರ ಬಿಡ್ತೀವಿ. ಬೆಂಕಿ ರಸ್ತೆ ದಾಟಿದ್ರೆ ಆಚೆ ಶಾಲೆ ಇದೆ."

ಫುಲ್ಹೆನ್ಸಿಯೋ ನನ್ನ ಮುಖ ನೋಡಲಿಲ್ಲ. ಜೇಬಿನಿಂದ ಪಂಪುಮನೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. "ಹೂಂ, ಇನ್ನು ಯಾರದ್ದಿದೆ?" ಎಂದ. "ಕಳ್ಳರಿಗೆ ಕಳ್ಳರ ಮನೆ ಗೊತ್ತು. ನಾನಾಗಿ ಹೆಸರು ಹೇಳೋ ಹಂಗೆ ಮಾಡ್ಬೇಡಿ."

ಹನ್ನೊಂದು ಕೀಲಿ ಬಂದವು.

ಎಂಟು ದಿನ ಹನ್ನೆರಡು ಪಂಪು ಓಡಿದವು. ನೆಲ ಕುಡಿಯಿತು. ಒಂದು ಅಂಗೈಯಷ್ಟು ನೀರೂ ಮೇಲೆ ನಿಲ್ಲಲಿಲ್ಲ. ಆವಿ ಮಾತ್ರ ಎದ್ದಿತು, ಸುತ್ತ ಎಲ್ಲೆಲ್ಲೋ, ನಾವು ನೀರು ಬಿಡದ ಕಡೆಯೂ, ಬಳ್ಳಿತೋಟದ ನಡುವೆಯೂ, ಸ್ಮಶಾನದ ಗೋಡೆಯ ಬುಡದಲ್ಲೂ. ಅಷ್ಟು ದೂರ ಅದು ಹಬ್ಬಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ನಾವು ಅದರ ಮೇಲೇ ಇಷ್ಟು ದಿನ ಉತ್ತು, ನಡೆದು, ಕುಣಿದು ಇದ್ದೆವು. ಐದನೆಯ ದಿನ ನಾಲ್ಕು ಬೋರುಗಳು ನೀರು ಬಿಟ್ಟು ಗಾಳಿ ಉಗುಳತೊಡಗಿದವು. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಾವೆಲ್ಲ ನೋಡುತ್ತಿದ್ದ ಹಾಗೇ ಗಿರಣಿ ಕೂತಿತು. ಬೀಳಲಿಲ್ಲ. ಬಸುರಿ ಕುರ್ಚಿಯ ಮೇಲೆ ಕೂರುವಂತೆ ನಿಧಾನವಾಗಿ, ಗೋಡೆಗಳು ನೆಟ್ಟಗಿದ್ದಂತೆಯೇ, ಕಿಟಕಿಯ ತನಕ, ಸೂರಿನ ತನಕ, ಆಮೇಲೆ ಹೊಗೆಗೂಡಿನ ತನಕ. ಹೊಗೆಗೂಡಿನಿಂದ ಸ್ವಲ್ಪ ಹೊತ್ತು ಹೊಗೆ ಬಂತು, ಒಳಗೆ ಯಾರೋ ಅಡುಗೆ ಮಾಡುತ್ತಿದ್ದಾರೆ ಅನ್ನುವ ಹಾಗೆ. ಆಮೇಲೆ ಅದೂ ಇಲ್ಲ.

ಬೆಂಕಿ ರಸ್ತೆ ದಾಟದೆ ನಿಂತಿದೆ, ಸದ್ಯಕ್ಕೆ. ಅತ್ತೆ ನಮ್ಮ ಮನೆಯಲ್ಲಿದ್ದಾಳೆ. ದಿನಕ್ಕೆ ಹತ್ತು ಸಲ ಬಗ್ಗಿ ನೆಲ ಮುಟ್ಟುತ್ತಾಳೆ. "ಇದು ತಣ್ಣಗಿದೆ. ಇದು ಸತ್ತ ಮನೆ," ಅನ್ನುತ್ತಾಳೆ.

ರೆಮೆದಿಯೋಸ್

•

ಸಿಯುದಾದ್ ರೆಯಾಲ್,
13 ಫೆಬ್ರವರಿ 1995

ಅಕ್ಕ,

ಗಿರಣಿ ಮುಳುಗಿದ ಚಿತ್ರ ಪತ್ರಿಕೆಗಳಲ್ಲಿ ಬಂದ ಮೇಲೆ ಎಲ್ಲ ಬೇಗ ಆಯಿತು. ಕಾಲುವೆ ನೀರಿಗೆ ಒಪ್ಪಿಗೆ ಸಿಕ್ಕಿದೆ. ಏಪ್ರಿಲ್‌ನಲ್ಲಿ ಬಿಡುತ್ತಾರೆ.

ಎಂಟು ದಿನ ಸುರಿದ ನೀರು ಎಲ್ಲಿಂದ ಬಂತೆಂದು ನಿನ್ನೆ ನಿರ್ದೇಶಕರು ಕೇಳಿದರು. ಹಾಗೆ ಕೇಳುವುದನ್ನು ಅವರಿಗೆ ಕಲಿಸಿದವನು ನಾನೇ. ತನಿಖೆ ಮಾಡಿ ಹೇಳುತ್ತೇನೆ ಎಂದೆ. ಹನ್ನೆರಡು ಹೆಸರುಗಳನ್ನು ಇನ್ನೂ ಬರೆದಿಲ್ಲ. ಬರೆದರೆ ಹನ್ನೆರಡನ್ನೂ ಮುಚ್ಚಬೇಕಾಗುತ್ತದೆ, ನಿಮ್ಮ ಕಲ್ಲಂಗಡಿ ಹೊಲ ಉಳಿಯುವುದಿಲ್ಲ. ಬರೆಯದಿದ್ದರೆ ಇನ್ನು ಮುಂದೆ ನಾನು ಬರೆಯುವ ಯಾವ ಅಂಕಿಗೂ ಬೆಲೆಯಿಲ್ಲ.

ಜನವರಿ ಎಂಟನೇ ತಾರೀಖಿನ ನಿನ್ನ ಕಾಗದವನ್ನು ಒಂದೇ ಸಲ ಓದಿದ್ದೇನೆ. ಎರಡನೆಯ ಸಲ ತೆರೆಯಲು ಆಗಿಲ್ಲ.

ನಿನ್ನ ತಮ್ಮ,
ಕಸಿಮಿರೋ

•

ಮಸೆಗಾರ್,
20 ಫೆಬ್ರವರಿ 1995

ಪ್ರೀತಿಯ ಕಸಿಮಿರೋ,

ನಿನ್ನ ಕಾಗದವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಇಬ್ಬರು ನಿನ್ನನ್ನು ಬೈದರು, ಒಬ್ಬ ನನ್ನನ್ನು ಬೈದ. ಗಾಳಿ ಉಗುಳುವ ಬೋರನ್ನು ಮುಚ್ಚಿದರೇನು ತೆರೆದರೇನು ಎಂದರು ಉಳಿದವರು. ಅದು ಪೂರ್ತಿ ನಿಜವಲ್ಲ, ಎಂಟರಲ್ಲಿ ಇನ್ನೂ ನೀರಿದೆ. ಆದರೂ ಹಾಗೆ ಅಂದರು.

ಪಟ್ಟಿ ಈ ಕಾಗದದ ಜೊತೆಗಿದೆ. ಬರೆದದ್ದು ಫುಲ್ಹೆನ್ಸಿಯೋ. ಮೊದಲ ಹೆಸರು ಅವನದೇ.

ಮುಚ್ಚುವುದಕ್ಕೆ ಬೇರೆ ಯಾರನ್ನೋ ಕಳಿಸಬೇಡ.

ರೆಮೆದಿಯೋಸ್

•

ಮಸೆಗಾರ್,
16 ಮೇ 1995

ಕಸಿಮಿರೋನಿಗೆ,

ನಾನು ಕಾಗದ ಬರೆಯುವವನಲ್ಲ. ನಿನ್ನ ಅಕ್ಕ ಎದುರಿಗೆ ಕೂತು ತಪ್ಪು ತಿದ್ದುತ್ತಿದ್ದಾಳೆ.

ನೀನು ಬಂದು ಬೋರುಗಳಿಗೆ ಕಾಂಕ್ರೀಟು ಸುರಿಸಿ ಹೋದ ದಿನ ನಾನು ಒಂದು ಮಾತೂ ಆಡಲಿಲ್ಲ. ನೀನು ಊಟಕ್ಕೆ ನಿಂತೆ, ತಟ್ಟೆಯಲ್ಲಿದ್ದುದನ್ನೆಲ್ಲ ತಿಂದೆ, ಅದು ಒಳ್ಳೆಯದಾಯಿತು. ಆಡಬೇಕಾಗಿದ್ದ ಮಾತು ನಿನಗೆ ಗೊತ್ತು. ಬರೆದರೆ ಚಿಕ್ಕದಾಗಿ ಕಾಣುತ್ತದೆ.

ಕಾಲುವೆ ನೀರು ಬಂದ ಬಗೆ ಕೇಳು. ಅಣೆಕಟ್ಟಿನಿಂದ ಬಿಟ್ಟ ಮೇಲೆ ಒಣ ನದಿಯ ಪಾತ್ರದಲ್ಲಿ ಹನ್ನೊಂದು ದಿನ ನಡೆಯಿತು. ಕೊನೆಯ ದಿನ ಇಡೀ ಊರು ಅದರ ಪಕ್ಕದಲ್ಲೇ ನಡೆದು ಬಂತು. ಕುರುಡ ಕೋಲೂರಿ ಬರುವ ಹಾಗೆ ತಡವರಿಸುತ್ತಿತ್ತು. ಒಂದು ಗುಳಿ ಸಿಕ್ಕರೆ ಅಲ್ಲೇ ನಿಲ್ಲುವುದು, ತುಂಬುವುದು, ಆಮೇಲೆ ಮುಂದಕ್ಕೆ. ಪಾದ್ರಿ ನೀರು ಮಂತ್ರಿಸಲು ಬಂದವರು ಪುಸ್ತಕ ತೆರೆಯದೆ ಸುಮ್ಮನೆ ನಡೆದರು. ಗಿರಣಿ ಇದ್ದ ಹೊಂಡಕ್ಕೆ ಇಳಿದಾಗ ಎರಡು ದಿನ ಬುಸುಗುಟ್ಟಿತು. ಈಗ ನಿಂತಿದೆ, ನಾಲ್ಕು ಕಣದಷ್ಟು ಅಗಲ. ಕೊಕ್ಕರೆಗಳು ಬರುತ್ತವೆ, ಮೇಲೆ ಸುತ್ತುತ್ತವೆ, ಇಳಿಯುವುದಿಲ್ಲ. ಕೈಯಿಟ್ಟರೆ ಇನ್ನೂ ಉಗುರು ಬೆಚ್ಚಗಿದೆ.

ನಾಲ್ಕು ದಿನದ ಹಿಂದೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆ. ಈ ಸಲ ಹೊಡೆಯಲಿಲ್ಲ. ನೀರಿನಲ್ಲಿ ಕೈಯಾಡಿಸಿ ಬಹಳ ಹೊತ್ತು ಕೂತಳು.

"ಇದು ನಮ್ಮ ನೀರಲ್ಲ ಕಣೋ," ಅಂದಳು.

"ನೀರಿಗೆ ನಮ್ಮದು ನಿಮ್ಮದು ಇರುತ್ತಾ ಅತ್ತೆ?"

"ಇರುತ್ತೆ. ಇದಕ್ಕೆ ಇಲ್ಲಿ ಯಾರ ಪರಿಚಯಾನೂ ಇಲ್ಲ. ನೋಡು, ಹೆಂಗೆ ನಿಂತಿದೆ, ಬೇರೆಯೋರ ಮನೇಲಿ ನಿಂತ ಹಂಗೆ. ನಮ್ಮದು ಕೆಳಗಿಂದ ಬರ್ತಿತ್ತು." ಕೈ ಒರೆಸಿಕೊಳ್ಳುತ್ತಾ, "ಪಾಪ, ಇರಲಿ. ಬಂದಿದೆಯಲ್ಲ," ಅಂದಳು.

ಅವತ್ತು ಒಂದು ಕಬ್ಬಿಣದ ಸರಳಿಗೆ ಗೀರು ಹಾಕಿ ದಂಡೆಯಲ್ಲಿ ಹೊಡೆದಿದ್ದೇನೆ. ಯಾರೂ ಹೇಳಲಿಲ್ಲ, ನಾನಾಗಿ ಮಾಡಿದೆ. ದಿನಾ ಬೆಳಿಗ್ಗೆ ಹೋಗಿ ನೋಡುತ್ತೇನೆ. ಮೊದಲ ದಿನ ನೀರು ನಲವತ್ತೊಂದು ಬೆರಳು. ಮೊನ್ನೆ ಮೂವತ್ತೆಂಟು. ನಿನ್ನೆ ಮೂವತ್ತಾರು. ಯಾರೂ ಕದ್ದು ಪಂಪು ಹಚ್ಚಿಲ್ಲ. ಸುತ್ತ ನಾನೇ ನಡೆದು ನೋಡಿದ್ದೇನೆ, ನೋಡಬೇಕಾದ ಜಾಗಗಳು ನನಗೆ ಗೊತ್ತು. ಈ ಬಿಸಿಲಿಗೆ ಅಷ್ಟು ಆರುವುದಿಲ್ಲ. ಅದು ಕೆಳಗೆ ಹೋಗುತ್ತಿದೆ. ಸಂಘದವರು ಇದನ್ನು ಕೇಳಿ, ಅಷ್ಟು ದೂರದಿಂದ ತಂದ ನೀರು ಸುಮ್ಮನೆ ಇಂಗಿ ಹೋಗುತ್ತಿದೆಯಲ್ಲ, ಒಂದಿಷ್ಟನ್ನಾದರೂ ಹೊಲಕ್ಕೆ ತಿರುಗಿಸೋಣ ಅಂದರು. ಬೇಡ ಅಂದೆ. ನೆಲ ಕುಡಿಯಲಿ ಅಂದೆ. ಇದರಿಂದಾಗಿ ಮುಂದಿನ ಚುನಾವಣೆಯಾದ ಮೇಲೆ ನಾನು ಅಧ್ಯಕ್ಷನಾಗಿರುವುದಿಲ್ಲ.

ಇವತ್ತು ಮೂವತ್ತೈದು. ಬರೆದುಕೋ.

ಫುಲ್ಹೆನ್ಸಿಯೋ